ಮೊದಲು ಅಡ್ವಾನ್ಸ್, ಆಮೇಲೆ ಬಟ್ಟೆ

ಕಂಪನಿ ಮುಚ್ಚಿದ ದಿನ ಆಫೀಸಿನಿಂದ ನಾನು ಮನೆಗೆ ತಂದದ್ದು ಎರಡೇ: ನೀರು ಕಾಯಿಸುವ ಕೆಟಲ್, ಟಿ-ಶರ್ಟ್ ತುಂಬಿದ ಒಂದು ರಟ್ಟಿನ ಪೆಟ್ಟಿಗೆ. ಎಣಿಸಿದರೆ 73 ಇದ್ದವು. ಕಡುನೀಲಿ ಬಟ್ಟೆ, ಎದೆಯ ಮೇಲೆ ನಮ್ಮ ಲೋಗೋ, ಬೆನ್ನಿಗೆ ಇಂಗ್ಲಿಷಿನಲ್ಲಿ ಒಂದು ಘೋಷಣೆ. ಹೊಸದಾಗಿ ಸೇರುವವರಿಗೆ ಬೇಕಾಗುತ್ತೆ ಅಂತ ಮುಂಚೆಯೇ ಮಾಡಿಸಿಟ್ಟದ್ದು. ಸೇರುವವರು ಬರಲಿಲ್ಲ, ಇದ್ದವರೂ ಹೋದರು. ಅಪಾರ್ಟ್‌ಮೆಂಟಿನವರನ್ನೂ ಇಸ್ತ್ರಿಯವರನ್ನೂ ಆ್ಯಪ್ ಮೂಲಕ ಜೋಡಿಸುವುದು ನಮ್ಮ ವ್ಯವಹಾರವಾಗಿತ್ತು. ಎರಡೂವರೆ ವರ್ಷ ನಡೆಸಿದ ಮೇಲೆ ತಿಳಿದದ್ದೇನೆಂದರೆ, ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಹತ್ತಿರ ಮೊದಲಿಂದಲೇ ಇತ್ತು.

ಹೆಂಡತಿ ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಒಲೆ ಒರೆಸಲಿಕ್ಕೆ, ಸ್ಕೂಟರ್ ಒರೆಸಲಿಕ್ಕೆ ಬಳಸತೊಡಗಿದಳು. ಒಳ್ಳೆಯ ಹತ್ತಿ ಬಟ್ಟೆ, ನೀರು ಚೆನ್ನಾಗಿ ಹೀರುತ್ತಿತ್ತು.

ಮುಚ್ಚುವಾಗ ಯಾರ್ಯಾರಿಗೆ ಎಷ್ಟೆಷ್ಟು ಬಾಕಿ ಅಂತ ಪಟ್ಟಿ ಬರೆದಿದ್ದೆವು. ಬಾಡಿಗೆ, ಸರ್ವರು, ಆಡಿಟರ್, ಫ್ಲಾಸ್ಕಿನಲ್ಲಿ ಕಾಫಿ ತಂದುಕೊಡುತ್ತಿದ್ದ ಹುಡುಗ, ಎಲ್ಲರೂ ಅದರಲ್ಲಿದ್ದರು. ಇಲ್ಲದಿದ್ದವರು ಒಬ್ಬರೇ, ಟಿ-ಶರ್ಟ್ ಮಾಡಿಕೊಟ್ಟವರು. ಅರ್ಧ ದುಡ್ಡು ಕೈಗೆ ಬರುವ ತನಕ ಅವರು ಬಟ್ಟೆ ಮುಟ್ಟಿರಲಿಲ್ಲ, ಉಳಿದರ್ಧ ಬರುವ ತನಕ ಪೆಟ್ಟಿಗೆ ಕೊಟ್ಟಿರಲಿಲ್ಲ. ಆವತ್ತು ನನಗೆ ಮುಖಕ್ಕೆ ಹೊಡೆದ ಹಾಗಾಗಿತ್ತು. "ಫಂಡಿಂಗ್ ಆಗಿರೋ ಕಂಪನಿ ಸಾರ್ ನಮ್ದು" ಅಂದಿದ್ದೆ. "ಒಳ್ಳೇದಾಗ್ಲಿ ಸಾರ್. ಅಡ್ವಾನ್ಸ್ ಹಾಕ್ಬಿಡಿ, ಶುರು ಮಾಡ್ತೀನಿ" ಅಂದಿದ್ದರು.

ಎರಡು ತಿಂಗಳು ಮನೆಯಲ್ಲಿ ಸುಮ್ಮನೆ ಕೂತೆ. ಆ ಮಾತು ಮಾತ್ರ ತಲೆಯೊಳಗೆ ತಿರುಗುತ್ತಲೇ ಇತ್ತು. ನಮ್ಮ ಕಂಪನಿಯ ಜೊತೆ ವ್ಯವಹಾರ ಮಾಡಿ ಒಂದು ರೂಪಾಯಿಯನ್ನೂ ಕಳೆದುಕೊಳ್ಳದ ಮನುಷ್ಯ ಅವರೊಬ್ಬರೇ. ಕಡೆಗೆ ಮಾಗಡಿ ರಸ್ತೆ ಹಿಂದಿನ ಗಲ್ಲಿಯಲ್ಲಿದ್ದ ಅವರ ಶೆಡ್ಡಿಗೆ ಹೋಗಿ ಕೆಲಸ ಕಲಿಸಿಕೊಡಿ ಅಂದೆ. ಅವರು ನಗಲಿಲ್ಲ. ಬಕೆಟ್ ತೋರಿಸಿ, "ಸ್ಕ್ರೀನ್ ತೊಳೀರಿ" ಅಂದರು.

ಇದೆಲ್ಲ ಆಗಿ ಆರು ವರ್ಷವಾಯಿತು. ಈಗ ನನಗೂ ಒಂದು ಶೆಡ್ಡಿದೆ. ಸ್ಟಾರ್ಟಪ್ ಮುಚ್ಚಿದವರು, ಕೆಲಸ ಕಳೆದುಕೊಂಡವರು ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ: "ಟಿ-ಶರ್ಟ್ ಪ್ರಿಂಟಿಂಗ್ ಶುರು ಮಾಡೋಣ ಅಂತಿದೀನಿ, ಯಾವ ಮೆಷಿನ್ ತಗೊಳ್ಳಲಿ?" ಈ ಪ್ರಶ್ನೆಯಲ್ಲೇ ತಪ್ಪಿದೆ ಅನ್ನುವುದನ್ನು ಫೋನಿನಲ್ಲಿ ಹತ್ತು ನಿಮಿಷಕ್ಕೆ ಹೇಳಲು ಆಗುವುದಿಲ್ಲ. ಅದಕ್ಕೇ ಈ ವಾರದ ಅಂಕಣ.

ಬಿದ್ದವರು ಟಿ-ಶರ್ಟಿನ ಕಡೆ ಬರುವುದು ಹೊಸದೇನಲ್ಲ. ಬೇವಕೂಫ್ ಎಂಬ ಉಡುಪಿನ ಬ್ರ್ಯಾಂಡ್ ಕಟ್ಟಿದವರಲ್ಲಿ ಒಬ್ಬರಾದ ಪ್ರಭಕಿರಣ್ ಸಿಂಗ್ ಐಐಟಿ ಬಾಂಬೆಯಲ್ಲಿ ಓದಿದವರು. ಬೇವಕೂಫ್‌ಗೂ ಮೊದಲು ಮುಂಬೈಯಲ್ಲಿ ಬಗೆಬಗೆ ಸ್ವಾದದ ಲಸ್ಸಿ ಮಾರುವ ಅಂಗಡಿ ಇಟ್ಟಿದ್ದರು. ಲಸ್ಸಿ ನಿಲ್ಲಲಿಲ್ಲ, 2012ರಲ್ಲಿ ಗೆಳೆಯ ಸಿದ್ಧಾರ್ಥ್ ಮುನೋತ್ ಜೊತೆ ಟಿ-ಶರ್ಟಿಗೆ ಕೈಹಾಕಿದರು. ಹತ್ತು ವರ್ಷಕ್ಕೆ ಆದಿತ್ಯ ಬಿರ್ಲಾ ಸಮೂಹ ಅದರ ಬಹುಪಾಲನ್ನು ಕೊಂಡಿತು. ಎಲ್ಲರೂ ನನಗೆ ಹೇಳುವುದು ಈ ಕಥೆಯನ್ನೇ. ಆದರೆ ಪಾಠ ಹೆಚ್ಚಿರುವುದು ಅಮೆರಿಕದ ಟೀಸ್ಪ್ರಿಂಗ್ ಎಂಬ ಕಂಪನಿಯ ಕಥೆಯಲ್ಲಿ. ವಾಕರ್ ವಿಲಿಯಮ್ಸ್, ಇವಾನ್ ಸ್ಟೈಟ್ಸ್-ಕ್ಲೇಟನ್ ಎಂಬ ಇಬ್ಬರು ಹುಡುಗರು ಪ್ರಾವಿಡೆನ್ಸ್ ಊರಿನ ಬ್ರೌನ್ ವಿಶ್ವವಿದ್ಯಾಲಯದಿಂದ ಬಂದವರು. ವಿದ್ಯಾರ್ಥಿಗಳಿಗೆ ಕೆಲಸ ಹುಡುಕಿಕೊಡುವ ಒಂದು ಜಾಲತಾಣ ನಡೆಸುತ್ತಿದ್ದರು, ಅದು ಕುಂಟುತ್ತಿತ್ತು. 2011ರಲ್ಲಿ ಕಾಲೇಜು ಹುಡುಗರ ಮೆಚ್ಚಿನ ಬಾರೊಂದು ಬಾಗಿಲು ಹಾಕಿತು. ಅದರ ನೆನಪಿಗೆ ಟಿ-ಶರ್ಟ್ ಮಾಡಿದರೆ ಹೋಗುತ್ತೆ ಅಂತ ಇಬ್ಬರಿಗೂ ಅನ್ನಿಸಿತು. ಅಚ್ಚು ಹಾಕಿಸಲು ಮುಂಗಡ ಕೊಡುವಷ್ಟು ದುಡ್ಡು ಕೈಯಲ್ಲಿಲ್ಲ, ಯಾರಿಗೆ ಯಾವ ಅಳತೆ ಅಂತ ಗೊತ್ತಿಲ್ಲ. ಒಂದು ಪುಟ ಮಾಡಿ ಹಾಕಿದರು: ಬೇಕಾದವರು ಈಗಲೇ ಬುಕ್ ಮಾಡಿ, ಸಾಕಷ್ಟು ಜನ ಸೇರಿದರೆ ಅಚ್ಚು ಹಾಕಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ನೂರಾರು ಜನ ಬುಕ್ ಮಾಡಿದರು. ಆಮೇಲೆ ಕಂಪನಿ ಏರಿದ್ದು, ಇಳಿದದ್ದು, ಹೆಸರು ಬದಲಿಸಿದ್ದು ಬೇರೆ ಕಥೆ.

ಸಾಕಷ್ಟು ಜನ ಸೇರಿದರೆ ಅಂತ ಅವರು ಯಾಕೆ ಅಂದರು ಅನ್ನುವುದು ಸ್ಕ್ರೀನ್ ತೊಳೆದವರಿಗೆ ತಕ್ಷಣ ಹೊಳೆಯುತ್ತದೆ. ಚೌಕಟ್ಟಿಗೆ ಬಿಗಿದ ಜಾಲರಿಯ ಮೇಲೆ ಎಮಲ್ಷನ್ ಸವರಿ, ಕತ್ತಲಲ್ಲಿ ಒಣಗಿಸಿ, ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತೇವೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತೆ. ಫಿಲ್ಮಿನ ಕಪ್ಪು ಅಡ್ಡ ಬಂದ ಕಡೆ ಹಸಿಯಾಗೇ ಉಳಿದು, ನೀರು ಹೊಡೆದರೆ ಕರಗಿ ಹೋಗುತ್ತೆ. ಹಾಗೆ ತೆರೆದ ಕಣ್ಣುಗಳ ಮೂಲಕ ಇಂಕು ಬಟ್ಟೆಗೆ ಇಳಿಯುತ್ತೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಲೆಕ್ಕ ಸುಲಭವಾಗಲಿ ಅಂತ ಒಂದು ಸ್ಕ್ರೀನ್ ಮಾಡಲು 400 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ಬಣ್ಣದ ಚಿತ್ರಕ್ಕೆ 1,200. ಹತ್ತೇ ಟಿ-ಶರ್ಟ್ ಮಾಡಿದರೆ ಒಂದೊಂದರ ತಲೆಗೂ ಸ್ಕ್ರೀನಿನ ಖರ್ಚೇ 120 ರೂಪಾಯಿ. ಇನ್ನೂರು ಮಾಡಿದರೆ ಬರೀ ಆರು. ಮಿನಿಮಮ್ ಆರ್ಡರ್ 50 ಅಂತ ಪ್ರಿಂಟರ್ ಹಠ ಹಿಡಿದರೆ ಸೊಕ್ಕು ಅಂತ ತಿಳಿಯಬೇಡಿ, ಅದು ಭಾಗಾಕಾರ.

ಈ ಭಾಗಾಕಾರದಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದೇ ಕಂಪ್ಯೂಟರಿನಿಂದ ನೇರ ಅಚ್ಚಾಗುವ ಯಂತ್ರಗಳು. ಡಿಟಿಜಿಯಲ್ಲಿ ಬಟ್ಟೆಯ ಮೇಲೇ ಇಂಕು ಸಿಂಪಡಣೆಯಾಗುತ್ತೆ. ಡಿಟಿಎಫ್‌ನಲ್ಲಿ ಮೊದಲು ಪ್ಲಾಸ್ಟಿಕ್ ಹಾಳೆಗೆ ಅಚ್ಚು, ಅದರ ಮೇಲೆ ಅಂಟಿನ ಪುಡಿ, ಆಮೇಲೆ ಹೀಟ್ ಪ್ರೆಸ್ಸಿನಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿ ಬಟ್ಟೆಗೆ ಇಳಿಸುವುದು. ಎಷ್ಟು ಬಣ್ಣವಾದರೂ ಸರಿ, ಒಂದೇ ಟಿ-ಶರ್ಟ್ ಆದರೂ ಸರಿ. ಮಗುವಿನ ಹುಟ್ಟುಹಬ್ಬಕ್ಕೆ ಮಗುವಿನ ಫೋಟೋ ಇರುವ ಒಂದು ಟಿ-ಶರ್ಟ್ ಬೇಕೆಂದರೆ ಇದೇ ದಾರಿ. ಸ್ಟಾರ್ಟಪ್‌ನಿಂದ ಬಂದವರಿಗೆ ಈ ಯಂತ್ರ ಕಂಡ ಕೂಡಲೇ ಪ್ರೀತಿ ಹುಟ್ಟುತ್ತೆ. ಫೈಲ್ ಕಳಿಸಿದರೆ ಮಾಲು ಬರುತ್ತೆ! ಇಎಂಐ ಲೆಕ್ಕ ಹಾಕಿ ತಂದು ಕೂರಿಸಿ, ಆಮೇಲೆ ಗಿರಾಕಿ ಹುಡುಕಲು ಹೊರಡುತ್ತಾರೆ. ಆ್ಯಪ್ ಕಟ್ಟಿಟ್ಟು ಗಿರಾಕಿಗೆ ಕಾದದ್ದೂ ಹೀಗೇ ಅಲ್ಲವೇ?

ಯಂತ್ರವೇನೋ ಕಾಯುವುದಿಲ್ಲ. ಡಿಟಿಎಫ್‌ನ ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತೆ, ಅದು ಭಾರದ ಪುಡಿ. ನಾಲ್ಕು ದಿನ ಓಡಿಸದೆ ಬಿಟ್ಟರೆ ಪೈಪಿನಲ್ಲಿ ತಳ ಕಟ್ಟಿ ಪ್ರಿಂಟ್ ಹೆಡ್ ಬ್ಲಾಕ್ ಆಗುತ್ತೆ. ಹೆಡ್ ಬದಲಿಸುವ ಖರ್ಚು ಕೇಳಿದರೆ ಎದೆ ಧಸಕ್ಕೆನ್ನುತ್ತೆ. ಆರ್ಡರ್ ಇರಲಿ ಬಿಡಲಿ, ದಿನಾ ಬೆಳಿಗ್ಗೆ ಇಂಕು ಸುರಿದು ನಳಿಕೆ ತಪಾಸಣೆ ಮಾಡಲೇಬೇಕು. ಹಾಲು ಕೊಳ್ಳುವವರಿಲ್ಲ ಅಂತ ಹಸು ಕರೆಯದೆ ಬಿಡಲಾಗುತ್ತದೆಯೇ? ಕೆಚ್ಚಲು ಬಾತುಕೊಳ್ಳುತ್ತೆ. ಹಾಗೆ ಕೆಚ್ಚಲು ಬಾತ ಎರಡು ಯಂತ್ರಗಳು ಅರ್ಧ ಬೆಲೆಗೆ ಮಾರಾಟಕ್ಕಿವೆ ಅಂತ ಕಳೆದ ತಿಂಗಳು ನನಗೇ ಫೋನ್ ಬಂದಿತ್ತು. ಎರಡನ್ನೂ ಕೊಂಡವರು ಎಂಜಿನಿಯರುಗಳು. ಬೆಂಗಳೂರಿನಲ್ಲಿ ಡಿಟಿಎಫ್ ಹಾಳೆಯನ್ನು ಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಮೊದಲ ವರ್ಷ ಒಂದು ಹೀಟ್ ಪ್ರೆಸ್ ಇದ್ದರೆ ಸಾಕು. ಅದೂ ಬೇಡ ಅನ್ನುವುದು ನನ್ನ ಅಭಿಪ್ರಾಯ, ಮಾಗಡಿ ರಸ್ತೆಯ ನನ್ನ ಗುರುಗಳು ಒಪ್ಪುವುದಿಲ್ಲ.

ಹಾಗಾದರೆ ಮೊದಲು ಏನು ಕೊಳ್ಳಬೇಕು? ಎರಡು ಸಾವಿರದೊಳಗೆ ಸಿಗುವ ಒಂದು ಸಣ್ಣ ತಕ್ಕಡಿ, ಮಿಲಿಗ್ರಾಂ ತೋರಿಸುವಂಥದ್ದು. ಯಾಕೆ ಅಂದರೆ ಈ ವ್ಯಾಪಾರದಲ್ಲಿ ಮೋಸ ನಡೆಯುವುದು ಬಟ್ಟೆಯಲ್ಲಿ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನುವುದು. ಸರಿಯಾಗಿ ನೂರು ಚದರ ಸೆಂಟಿಮೀಟರ್ ದುಂಡಗೆ ಕತ್ತರಿಸುವ ಕಟರ್ ಸಿಗುತ್ತೆ. ಆ ಬಿಲ್ಲೆಯನ್ನು ತೂಗಿ ನೂರರಿಂದ ಗುಣಿಸಿದರೆ ಆಯಿತು: 1.8 ಗ್ರಾಂ ಬಂದರೆ 180 ಜಿಎಸ್ಎಂ. ಒಂದು ಸಲ 180 ಅಂತ ಬಿಲ್ ಹಾಕಿ ಬಂದ ಮಾಲು ನಮ್ಮ ತಕ್ಕಡಿಯಲ್ಲಿ 1.52 ತೋರಿಸಿತು. ಒಂದು ಟಿ-ಶರ್ಟ್ ಹಾಳಾಯಿತು, 300 ಉಳಿಯಿತು. ತೂಕದಷ್ಟೇ ಮುಖ್ಯವಾದದ್ದು ನೂಲು. ಗಿಡ್ಡ ಎಳೆಗಳನ್ನು ಬಾಚಿ ತೆಗೆದ ಕೋಂಬ್ಡ್ ನೂಲಿಗೂ ತೆಗೆಯದ ಕಾರ್ಡೆಡ್ ನೂಲಿಗೂ ಅಂಗಡಿಯಲ್ಲಿ ವ್ಯತ್ಯಾಸ ಕಾಣದು, ನಾಲ್ಕು ಒಗೆತಕ್ಕೆ ಕಾಣುತ್ತೆ. ಬಯೋವಾಷ್ ಅಂದರೆ ಕಿಣ್ವ ಬಿಟ್ಟು ಬಟ್ಟೆಯ ಮೇಲಿನ ಜುಂಗನ್ನು ತಿನ್ನಿಸುವುದು. ಅದು ಆಗದ ಬಟ್ಟೆಯ ಮೇಲೆ ಅಚ್ಚೂ ಚೊಕ್ಕವಾಗಿ ಕೂರುವುದಿಲ್ಲ. ಇನ್ನು ಕೆಲವು ಟಿ-ಶರ್ಟ್ ಒಗೆದ ಮೇಲೆ ತಿರುಚಿಕೊಂಡು ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬರುವುದನ್ನು ನೀವೂ ನೋಡಿರುತ್ತೀರಿ. ಅದು ನೂಲಿನ ಹುರಿಯ ಚೇಷ್ಟೆ, ಸ್ಯಾಂಪಲ್ ಒಗೆಯದೆ ಗೊತ್ತಾಗುವುದಿಲ್ಲ. ಆರ್ಡರ್ ಒಪ್ಪುವ ಮೊದಲು ಒಂದು ಪೀಸ್ ತರಿಸಿ ಮನೆಯ ವಾಷಿಂಗ್ ಮೆಷಿನ್ನಿನಲ್ಲಿ ಐದು ಸಲ ತಿರುಗಿಸಿ. ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಬಿರುಕು ಬಿಟ್ಟರೆ ಇಂಕು ಬೆಂದಿಲ್ಲ ಅಂತ ಅರ್ಥ. ಪ್ಲಾಸ್ಟಿಸೋಲ್ ಇಂಕು ಬೇಯಲು ಸುಮಾರು 160 ಡಿಗ್ರಿ ಬೇಕು, ಕರೆಂಟ್ ಉಳಿಸುವವರು ಅಲ್ಲಿಯವರೆಗೆ ಹೋಗುವುದಿಲ್ಲ.

ಬಟ್ಟೆ ಬರುವುದು ಬಹುತೇಕ ತಿರುಪ್ಪೂರಿನಿಂದ. ಬಿಳಿಗಿಂತ ಕಪ್ಪಿಗೆ ಯಾಕೆ ಹೆಚ್ಚು ರೇಟು ಅಂತ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ಗಾಢ ಬಣ್ಣಕ್ಕೆ ಡೈ ಹೆಚ್ಚು, ತೊಳೆಯಲು ನೀರು ಹೆಚ್ಚು. ಆ ನೀರೆಲ್ಲ ಹಿಂದೆ ನೊಯ್ಯಲ್ ನದಿಗೆ ಹೋಗುತ್ತಿತ್ತು. ರೈತರು ಕೋರ್ಟಿಗೆ ಹೋಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಈಗ ಒಂದು ಹನಿಯನ್ನೂ ಹೊರಗೆ ಬಿಡದೆ ಶುದ್ಧಮಾಡಿ ಮರುಬಳಕೆ ಮಾಡಬೇಕು. ಕಪ್ಪು ಟಿ-ಶರ್ಟಿನ ಆ ಹೆಚ್ಚುವರಿ ರೂಪಾಯಿಗಳಲ್ಲಿ ಆ ಖರ್ಚೂ ಸೇರಿದೆ ಅಂತ ನಾನು ಹೇಳುತ್ತೇನೆ. ಅರ್ಧ ಜನ ಒಪ್ಪುತ್ತಾರೆ, ಅರ್ಧ ಜನ "ಹೋಗ್ಲಿ ಬಿಡಿ, ಬಿಳೀನೇ ಕೊಡಿ" ಅನ್ನುತ್ತಾರೆ.

ನಮ್ಮ ವ್ಯಾಪಾರದ ವರ್ಷ ಶುರುವಾಗುವುದು ಗಣೇಶನಿಂದ, ತುದಿಗೇರುವುದು ರಾಜ್ಯೋತ್ಸವಕ್ಕೆ. ಅಕ್ಟೋಬರ್ ಕೊನೆಯ ವಾರ ಹಳದಿ ಬಟ್ಟೆ, ಕೆಂಪು ಇಂಕು ಎರಡಕ್ಕೂ ಪರದಾಟ. ನನ್ನ ಮೊದಲ ರಾಜ್ಯೋತ್ಸವದಲ್ಲಿ ಒಂದು ಬಡಾವಣೆಯ ಸಂಘದವರು 140 ಟಿ-ಶರ್ಟ್ ಹೇಳಿದ್ದರು, ಬೆನ್ನ ಮೇಲೆ ಸಿರಿಗನ್ನಡಂ ಗೆಲ್ಗೆ. ವಾಟ್ಸಾಪಿನಲ್ಲಿ ಬಂದ ಸಾಲನ್ನು ನಾನು ಹಾಗೇ ಎತ್ತಿ ಡಿಸೈನ್ ತಂತ್ರಾಂಶದಲ್ಲಿ ಹಾಕಿದೆ. ಅದರಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಆನ್ ಮಾಡಬೇಕು ಅಂತ ನನಗೇನು ಗೊತ್ತು! ಲಕಾರದ ಕೆಳಗೆ ಕೂರಬೇಕಾದ ಗಕಾರ ಪಕ್ಕಕ್ಕೆ ಬಂದು ಕೂತಿತು: "ಗೆಲ್‌ಗೆ". ಅವಸರದಲ್ಲಿ ಯಾರೂ ನೋಡಲಿಲ್ಲ. ನೋಡಿದವರು ಸಂಘದ ಹಿರಿಯರೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ಅದೂ 31ರ ಸಂಜೆ ಏಳು ಗಂಟೆಗೆ. ಪೀಸ್ ಒಂದನ್ನು ಬೆಳಕಿಗೆ ಹಿಡಿದು, "ಏನಪ್ಪಾ, ಒತ್ತಕ್ಷರಕ್ಕೆ ಬೇರೆ ಮನೆ ಮಾಡಿಕೊಟ್ಟಿದ್ದೀಯಲ್ಲ?" ಅಂದರು. ರಾತ್ರಿಯಿಡೀ ಕೂತು ಮತ್ತೆ ಅಚ್ಚು ಹಾಕಿದೆವು, ಬಟ್ಟೆಯ ದುಡ್ಡು ನನ್ನ ತಲೆಗೇ ಬಂತು. ಅಲ್ಲಿಂದ ಈಚೆಗೆ ಕನ್ನಡ ಅಕ್ಷರಗಳನ್ನು ಮೊದಲು ಕರ್ವ್ ಮಾಡಿ, ಚಿತ್ರದ ಹಾಗೆ ಗಟ್ಟಿ ಮಾಡಿಕೊಂಡೇ ಫಿಲ್ಮ್ ತೆಗೆಸುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇನ್ನೂ ಘೋರ. ಪ್ರೂಫ್ ಕಳಿಸಿ, ಓದಿ ಸರಿಯಿದೆ ಅಂತ ಗಿರಾಕಿ ಬರೆದು ಕಳಿಸಿದ ಮೇಲೇ ಸ್ಕ್ರೀನ್. "ಓಕೆ" ಅಂತ ಹೆಬ್ಬೆಟ್ಟು ಕಳಿಸಿದರೆ ಸಾಲದು. ಹೆಬ್ಬೆಟ್ಟು ಒತ್ತುವವರು ಓದಿರುವುದಿಲ್ಲ.

ಅಳತೆಯ ಪಟ್ಟಿ ಇನ್ನೊಂದು ಪುರಾಣ. ಎದೆ 38 ಇಂಚಿಗೆ ಎಸ್, 40ಕ್ಕೆ ಎಂ, 42ಕ್ಕೆ ಎಲ್ ಅಂತ ಸಾಮಾನ್ಯ ಲೆಕ್ಕ. ಆದರೆ ಎದೆ ಅಳೆದು ಬರೆಸುವವರು ಯಾರು? ಹತ್ತು ವರ್ಷದ ಹಿಂದಿನ ಅಳತೆಯನ್ನು ಬರೆಸುವವರೇ ಹೆಚ್ಚು. ನಾನು ಈಗ ನಾಲ್ಕು ಅಳತೆಯ ಖಾಲಿ ಟಿ-ಶರ್ಟುಗಳ ಒಂದು ಚೀಲವನ್ನು ಸಂಘಕ್ಕೋ ಕಾಲೇಜಿಗೋ ಎರಡು ದಿನ ಕೊಟ್ಟುಬಿಡುತ್ತೇನೆ. ತೊಟ್ಟು ನೋಡಿ ಬರೆಸಲಿ. ಹೆಸರು ಅಚ್ಚಾದ ಟಿ-ಶರ್ಟ್ ವಾಪಸ್ ಬಂದರೆ ಅದನ್ನು ಇನ್ಯಾರಿಗೂ ಮಾರಲಾಗುವುದಿಲ್ಲ.

ಕಾಗದಪತ್ರದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಹಳೆಯ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಸುಮ್ಮನೆ ಬಿಟ್ಟು ಬರಬೇಡಿ. ಮೂರು ವರ್ಷ ಸತತ ವಾರ್ಷಿಕ ಲೆಕ್ಕ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಅರ್ಜಿ ಹಾಕಿ ಕಂಪನಿಯ ಹೆಸರು ತೆಗೆಸಿ, ಹಳೆಯ ಜಿಎಸ್‌ಟಿ ರದ್ದುಮಾಡಿಸಿ ಅಂತಿಮ ರಿಟರ್ನ್ ಹಾಕಿ. ಹೊಸದಕ್ಕೆ ಪ್ರೊಪ್ರೈಟರ್‌ಶಿಪ್ ಸಾಕು. ಕರ್ನಾಟಕದೊಳಗೇ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಗಿರಾಕಿ ತಂದ ಬಟ್ಟೆಗೆ ಅಚ್ಚು ಹಾಕಿಕೊಟ್ಟರೆ ಅದು ಸೇವೆ, ಅಲ್ಲಿ ಮಿತಿ 20 ಲಕ್ಷ. ಹೊಸೂರಿನ ಗಿರಾಕಿಗೆ ಒಂದು ಟಿ-ಶರ್ಟ್ ಕಳಿಸಿ ಮಾರಿದರೂ ಅದು ಹೊರರಾಜ್ಯದ ಮಾರಾಟ, ನೋಂದಣಿ ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇ. 5. ಉದ್ಯಮ್ ನೋಂದಣಿಯನ್ನು ಮಾತ್ರ ಮೊದಲ ದಿನವೇ ಮಾಡಿಸಿ. ದುಡ್ಡು ಖರ್ಚಿಲ್ಲ, ಏಜೆಂಟ್ ಕೇಳಿದರೆ ಕೊಡಬೇಡಿ. ಅದರ ಉಪಯೋಗ ತಿಳಿಯುವುದು ದೊಡ್ಡ ಕಂಪನಿಯ ಆರ್ಡರ್ ಬಂದಾಗ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾನೂನೇ ಹೇಳುತ್ತೆ. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 2024ರಿಂದ, ಹಾಗೆ ಕೊಡದ ಮೊತ್ತವನ್ನು ಕೊಡುವ ವರ್ಷದ ತನಕ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮ ಬಂದ ಮೇಲೆ, ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್ ವಿಭಾಗದವರು ತಾವಾಗಿಯೇ ಫೋನ್ ಮಾಡುತ್ತಾರೆ. ಆ ಫೋನಿನ ಸುಖವೇ ಬೇರೆ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತೆ: ನಟರ ಮುಖ, ಸಿನಿಮಾ ಡೈಲಾಗು, ಕ್ರಿಕೆಟ್ ತಂಡದ ಲಾಂಛನ. ಫುಟ್‌ಪಾತಿನಲ್ಲಿ ಮಾರುತ್ತಾರಲ್ಲ, ನಮಗೇನು? ಫುಟ್‌ಪಾತಿನವನಿಗೆ ಜಿಎಸ್‌ಟಿ ನಂಬರಿಲ್ಲ, ವಿಳಾಸವಿಲ್ಲ. ನಿಮ್ಮ ಬಿಲ್ಲಿನ ಮೇಲೆ ಎರಡೂ ಇರುತ್ತೆ. ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ತಮ್ಮ ಹೆಸರು, ಮುಖ, ದನಿಯನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟಿನಿಂದ ಆದೇಶ ತಂದಿದ್ದಾರೆ. ಅಭಿಮಾನಿ ಸಂಘದವರು ಪ್ರೀತಿಯಿಂದ ಕೇಳುತ್ತಾರೆ, ಇಲ್ಲ ಅನ್ನುವುದು ಕಷ್ಟ. ನಾನು ಇಲ್ಲ ಅನ್ನುತ್ತೇನೆ, ವರ್ಷಕ್ಕೆ ಇಬ್ಬರು ಸ್ನೇಹಿತರನ್ನಾದರೂ ಕಳೆದುಕೊಳ್ಳುತ್ತೇನೆ.

ಇದು ದೊಡ್ಡದಾಗುತ್ತದೆಯೇ ಅಂತ ಕೇಳುವವರಿಗೆ ಬೆಂಗಳೂರಿನದೇ ಒಂದು ಉತ್ತರವಿದೆ. 2007ರಲ್ಲಿ ಇಲ್ಲಿ ಶುರುವಾದ ಮಿಂತ್ರಾ ಮೊದಲು ಮಾಡುತ್ತಿದ್ದದ್ದು ಇದೇ ಕೆಲಸ. ನಿಮ್ಮ ಹೆಸರು, ಫೋಟೋ ಹಾಕಿದ ಮಗ್ಗು, ಟೋಪಿ, ಟಿ-ಶರ್ಟ್. ನಾಲ್ಕೈದು ವರ್ಷಕ್ಕೆ ಅವರು ಅದನ್ನು ಬಿಟ್ಟು ಬ್ರ್ಯಾಂಡ್ ಬಟ್ಟೆ ಮಾರುವ ಕಡೆ ಹೊರಳಿದರು, 2014ರಲ್ಲಿ ಫ್ಲಿಪ್‌ಕಾರ್ಟ್ ಕೊಂಡಿತು. ಒಬ್ಬೊಬ್ಬರಿಗೆ ಒಂದೊಂದು ಥರ ಮಾಡುವ ಕೆಲಸ ಹೂಡಿಕೆದಾರರು ಬಯಸುವ ವೇಗದಲ್ಲಿ ಬೆಳೆಯುವಂಥದ್ದಲ್ಲ. ಪ್ರತಿ ಆರ್ಡರಿನಲ್ಲೂ ಒಬ್ಬ ಮೇಷ್ಟ್ರು ಇರುತ್ತಾರೆ, ಒಂದು ಒತ್ತಕ್ಷರ ಇರುತ್ತೆ. ನನಗೆ ಅದೇ ಸಮಾಧಾನ. ದೊಡ್ಡವರು ಬಿಟ್ಟುಹೋದ ಜಾಗದಲ್ಲಿ ನನ್ನಂಥವನು ಕಾಲೂರಬಹುದು. ಶೆಡ್ಡಿನಲ್ಲಿ ಈಗ ನಾವು ನಾಲ್ಕು ಜನ. ಸಂಬಳ ಏಳನೇ ತಾರೀಖು ಆಗುತ್ತೆ. ಆಷಾಢದಲ್ಲಿ ಒಂದೆರಡು ದಿನ ಆಚೀಚೆ.

ನನ್ನ ದೊಡ್ಡ ಗಿರಾಕಿಗಳು ಯಾರು ಗೊತ್ತೇ? ಸ್ಟಾರ್ಟಪ್ಪುಗಳೇ. ಹಳೆಯ ಸಹೋದ್ಯೋಗಿಗಳು ಈಗ ಬೇರೆ ಬೇರೆ ಕಂಪನಿಗಳ ಎಚ್‌ಆರ್ ಆಗಿದ್ದಾರೆ, ಹೊಸಬರಿಗೆ ಕೊಡುವ ಟಿ-ಶರ್ಟ್ ನನ್ನ ಹತ್ತಿರ ಮಾಡಿಸುತ್ತಾರೆ. ಕಳೆದ ಜೂನ್‌ನಲ್ಲಿ ಒಬ್ಬ ಹುಡುಗ ತಾನೇ ಬಂದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಹಸಿರು ಬಣ್ಣದ ಲೋಗೋ, 60 ಪೀಸ್. "ತಂಡದಲ್ಲಿ ಎಷ್ಟು ಜನ?" ಅಂದೆ. "ಈಗ ಹದಿನಾಲ್ಕು ಸಾರ್, ಬೆಳೀತಿದೀವಿ" ಅಂದ. ಹದಿನಾಲ್ಕೇ ಮಾಡಿಸು, ಡಿಟಿಎಫ್‌ನಲ್ಲಿ ಮಾಡಿಕೊಡ್ತೀನಿ ಅಂದರೆ ಕೇಳಲಿಲ್ಲ. ಅಡ್ವಾನ್ಸ್ ಅಂದಾಗ ಅವನ ಮುಖ ಕೆಂಪಾಯಿತು. ಮುಂದಿನ ವಾರ ಫಂಡಿಂಗ್ ಬರುತ್ತೆ ಅಂದ. ನನ್ನ ಬಾಯಿಂದ ಬಂದದ್ದು ಮಾಗಡಿ ರಸ್ತೆಯ ಮಾತೇ: "ಒಳ್ಳೇದಾಗ್ಲಿ. ಅರ್ಧ ಹಾಕು, ಶುರು ಮಾಡೋಣ." ಅಲ್ಲೇ ಫೋನ್ ತೆಗೆದು ಸ್ವಂತ ಖಾತೆಯಿಂದ ಹಾಕಿದ.

ಆ ಅರ್ಧದಲ್ಲಿ ಬಟ್ಟೆಯ ದುಡ್ಡು, ಅಚ್ಚಿನ ಕೂಲಿ ಎಲ್ಲ ಬಂದಾಗಿದೆ. ಮಾಲು ಜುಲೈನಲ್ಲೇ ರೆಡಿಯಾಯಿತು. ಅವನ ಫೋನ್ ಸ್ವಿಚ್ ಆಫ್ ಆಗಿ ಮೂರು ತಿಂಗಳಾಯಿತು. ಪೆಟ್ಟಿಗೆ ಮೇಲಿನ ಅಟ್ಟದಲ್ಲಿದೆ. ಸ್ಕ್ರೀನ್ ಒರೆಸಲು ಬಟ್ಟೆ ಸಾಲದಾದಾಗ ನಮ್ಮ ಹುಡುಗರು ಅದರ ಕಡೆ ನೋಡುತ್ತಾರೆ. ನಾನು ಬೇಡ ಅಂತ ಹೇಳಿದ್ದೇನೆ.